‘ಇಟ್ಟಮಡು’ ಯಾಕೆ ‘???????’ ಆಗುತ್ತೆ?

ಇಟ್ಟಮಡುವಿನ ಪಿಜಿ ರೂಮುಗಳಲ್ಲಿ ಕೂತು ನಾವು ಮಿನಿ ಪ್ರಾಜೆಕ್ಟ್ ಮಾಡ್ತೀವಿ. ಜಾವಾ, ಹೈಬರ್ನೇಟ್, ಮೈಎಸ್‌ಕ್ಯೂಎಲ್. ಸೀನಿಯರ್ ಕೊಟ್ಟ ಕಾನ್ಫಿಗ್ ಫೈಲ್‌ನಲ್ಲಿ ಯುಆರ್‌ಎಲ್, ಪಾಸ್‌ವರ್ಡ್ ಬದಲಾಯಿಸಿದರೆ ಕನೆಕ್ಷನ್ ಆಯ್ತು ಅಂತ ಖುಷಿ. ಕನ್ನಡ ಹೋಗಿ ಬರದಿದ್ದರೆ ಆ ಕನೆಕ್ಷನ್ ಆಗೇ ಇಲ್ಲ ಅನ್ನೋದು ನಮ್ಮ ವಾದ.

ಫಾರ್ಮ್‌ನಲ್ಲಿ ‘ಇಟ್ಟಮಡು’ ಅಂತ ಟೈಪ್ ಮಾಡಿ ನೋಡಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ಗೆ ಒತ್ತು, ಕೊಂಬು ಎಲ್ಲ ಬೇರೆ ಲೆಕ್ಕ, ಹಾಗಾಗಿ 7. ಯುಟಿಎಫ್-8ರಲ್ಲಿ 21 ಬೈಟ್. ಮೈಎಸ್‌ಕ್ಯೂಎಲ್ 8.0 ಬರುವವರೆಗೆ ಡಿಫಾಲ್ಟ್ ಇದ್ದದ್ದು ಲ್ಯಾಟಿನ್1. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಸರ್ವರ್ ಹಾಗೇ ಉಳಿದಿದ್ದು, ಯುಆರ್‌ಎಲ್‌ನಲ್ಲೂ ಏನೂ ಹೇಳದಿದ್ದರೆ, ಹಳೇ ಡ್ರೈವರ್ ಕಳಿಸುವ ಮುಂಚೆಯೇ ಏಳನ್ನೂ ಪ್ರಶ್ನೆಚಿಹ್ನೆ ಮಾಡಿಬಿಡುತ್ತೆ. ಎರರ್ ಬರಲ್ಲ. ಆಮೇಲೆ ಸೆಟ್ಟಿಂಗ್ ಸರಿಮಾಡಿದರೂ ಹೋದ ಹೆಸರು ವಾಪಸ್ ಬರಲ್ಲ.

‘ಇಂಗ್ಲಿಷಲ್ಲೇ ಹಾಕಿಸಿದ್ರಾಯ್ತು ಮಗಾ’ ಅನ್ನೋರಿದ್ದಾರೆ. ಇಂಗ್ಲಿಷ್ ಮೀಡಿಯಂ ಓದಿದ ನಮಗೆ ಅದು ಸುಲಭ. ಆದರೆ ಸಾಲದ ಪುಸ್ತಕದಲ್ಲಿ ಗಿರಾಕಿಗಳ ಹೆಸರನ್ನ ಕನ್ನಡದಲ್ಲೇ ಬರೆಯೋ ಅಂಗಡಿಯವರಿಗೆ ಬಿಲ್ಲಿಂಗ್ ಆ್ಯಪ್ ಮಾಡಿಕೊಟ್ಟರೆ? ಯಾರ ಸಾಲ ಯಾರದ್ದು ಅಂತ ಹೇಗೆ ಗೊತ್ತಾಗಬೇಕು?

ಮಾಡಬೇಕಾದ್ದು ಎರಡೇ ಸಾಲು. ಡೇಟಾಬೇಸನ್ನ ಮೊದಲೇ ಯುಟಿಎಫ್8ಎಂಬಿ4 ಅಂತ ಕ್ರಿಯೇಟ್ ಮಾಡಿ, ಯಾಕಂದ್ರೆ ಹೈಬರ್ನೇಟ್ ತಾನಾಗೇ ಮಾಡುವ ಟೇಬಲ್‌ಗಳು ಡೇಟಾಬೇಸ್‌ನ ಡಿಫಾಲ್ಟನ್ನೇ ಹಿಡಿಯುತ್ವೆ. ಯುಆರ್‌ಎಲ್ ಕೊನೆಗೆ ಕ್ಯಾರೆಕ್ಟರ್‌ಎನ್‌ಕೋಡಿಂಗ್=ಯುಟಿಎಫ್-8 ಸೇರಿಸಿ. (ಎಕ್ಸ್‌ಎಂಎಲ್ ಫೈಲಾದರೆ ‘&’ ಅನ್ನು ಹಾಗೇ ಬರೀಬೇಡಿ, ಫೈಲೇ ಓದಲ್ಲ.)

ಲ್ಯಾಬ್ ರಿವ್ಯೂನಲ್ಲಿ ‘ಒಂದು ಕನ್ನಡ ಹೆಸರು ಹಾಕಿ ತೋರಿಸಿ’ ಅಂತ ಮೇಷ್ಟ್ರುಗಳು ಕೇಳಬೇಕು. ಅದಕ್ಕೆ ಎರಡು ಮಾರ್ಕ್ಸೂ ಇಡಲಿ.