ಒಲೆ ನಮ್ಮದು, ಒಲೆಯ ಕಟ್ಟೆ ಮಾಲಕನದು

ಬಾಡಿಗೆಯ ಖೋಲಿ ನೋಡಲು ಹೋದಾಗ ಏಜೆಂಟನು ಮೊದಲು ತೋರಿಸುವುದು ಫ್ರಿಜ್ಜನ್ನು. ಆಮೇಲೆ ಮಿಕ್ಸರನ್ನು. ‘ಸಾಮಾನು ಸಹಿತವಾದ ಅಡಿಗೆಮನೆ’ ಎಂದು ಹೇಳಿ ಬಾಡಿಗೆಗೆ ಇನ್ನೊಂದು ಸಾವಿರ ಸೇರಿಸುತ್ತಾನೆ. ನಾವೂ ಫ್ರಿಜ್ಜಿನ ಬಾಗಿಲು ತೆರೆದು ನೋಡಿ, ಒಳಗೆ ದೀಪ ಹತ್ತಿತೆಂದು ಸಂತೋಷಪಟ್ಟು, ಡಿಪಾಜಿಟಿನ ಹಣ ಎಣಿಸಿ ಕೊಟ್ಟುಬಿಡುತ್ತೇವೆ. ಮೋರಿಯ ನೀರು ಎತ್ತ ಹರಿಯುತ್ತದೆ, ಒಲೆಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ, ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ಮನೆಯ ಮಾಲಕನು ಬಾಡಿಗೆದಾರನ ಅಡಿಗೆಗೆ ಏನೇನು ಒದಗಿಸಿಕೊಡಬೇಕು ಎಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಬಂದಾಗಲೆಲ್ಲ ಮಾತು ಫ್ರಿಜ್ಜು ಮಿಕ್ಸರುಗಳ ಹಿಂದೆಯೇ ಓಡುತ್ತದೆ. ನಮ್ಮ ಅಭಿಪ್ರಾಯ ಬೇರೆ. ಖೋಲಿ ಬಿಡುವ ದಿನ ತಲೆಯ ಮೇಲೆ ಹೊತ್ತು ಟೆಂಪೋಗೆ ಹಾಕಬಹುದಾದ ಸಾಮಾನು ನಮ್ಮದಾಗಿರಲಿ. ಗೋಡೆಗೆ, ನೆಲಕ್ಕೆ, ನಳ್ಳಿಗೆ, ತಂತಿಗೆ ಅಂಟಿಕೊಂಡದ್ದೆಲ್ಲ ಮಾಲಕನದಾಗಿರಲಿ. ಈ ಗೆರೆಯನ್ನು ನಾವು ಸರಿಯಾಗಿ ಎಳೆದುಕೊಳ್ಳದೆ ಇರುವುದರಿಂದ ಹಣವನ್ನೂ ಕಳೆದುಕೊಳ್ಳುತ್ತಿದ್ದೇವೆ, ಪ್ರಾಣವನ್ನೂ ಅಪಾಯಕ್ಕೆ ಒಡ್ಡುತ್ತಿದ್ದೇವೆ.

ಇದನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಮಂದಿ ಹೋಟೆಲ್ ಕೆಲಸಗಾರರು ಕುರ್ಲಾದ ಕಡೆ ಒಂದು ಖೋಲಿ ಹಿಡಿದಿದ್ದೆವು. ಸಾಮಾನು ಸಹಿತ ಖೋಲಿ! ಮೂರನೆಯ ತಿಂಗಳಲ್ಲಿ ಫ್ರಿಜ್ಜು ತಣ್ಣಗಾಗುವುದನ್ನು ನಿಲ್ಲಿಸಿತು. ‘ನೀವೇ ಕೆಡಿಸಿದಿರಿ’ ಎಂದ ಮಾಲಕ. ಹೋಗಲಿ ಎಂದು ಸುಮ್ಮನಾದೆವು. ಮಳೆಗಾಲದಲ್ಲಿ ಒಂದು ರಾತ್ರಿ ಜ್ವರ ಬಂದವನಿಗೆಂದು ಸುರುಳಿ ತಂತಿಯ ಕರೆಂಟಿನ ಒಲೆಯ ಮೇಲೆ ಗಂಜಿ ಇಟ್ಟಿದ್ದೆವು. ಪಾತ್ರೆ ಇಳಿಸಲು ಹೋದವನಿಗೆ ಶಾಕ್ ಹೊಡೆಯಿತು. ಕುದಿಯುವ ಗಂಜಿ ಕಾಲಿನ ಮೇಲೆ ಬಿತ್ತು. ನೋಡಿದರೆ ಪ್ಲಗ್ಗಿನ ಮೂರನೆಯ ತೂತಿಗೆ ಒಳಗೆ ತಂತಿಯನ್ನೇ ಕೊಟ್ಟಿರಲಿಲ್ಲ. ಹದಿನೈದು ದಿನ ಆ ಹುಡುಗ ಕೆಲಸಕ್ಕೆ ಹೋಗಲಿಲ್ಲ. ಹದಿನೈದು ದಿನದ ಸಂಬಳವೂ ಹೋಯಿತು. ಖೋಲಿ ಬಿಡುವಾಗ ಫ್ರಿಜ್ಜಿನ ಲೆಕ್ಕದಲ್ಲಿಯೂ ಕರಕಲಾದ ಪ್ಲಗ್ಗಿನ ಲೆಕ್ಕದಲ್ಲಿಯೂ ಡಿಪಾಜಿಟನ್ನು ಕಡಿದರು. ಕರಾರಿನಲ್ಲಿ ಫ್ರಿಜ್ಜು ‘ಸುಸ್ಥಿತಿಯಲ್ಲಿದೆ’ ಎಂದು ಬರೆದದ್ದಕ್ಕೆ ನಾವೇ ಸಹಿ ಹಾಕಿದ್ದೆವು. ಪ್ಲಗ್ಗಿನ ಮಾತೇ ಅದರಲ್ಲಿ ಇರಲಿಲ್ಲ.

ಹಿಂದೆ ಹೀಗಿರಲಿಲ್ಲವೇ ಎಂದು ಕೇಳಬಹುದು. ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರ ವಸತಿಯೇನೂ ಸ್ವರ್ಗವಾಗಿರಲಿಲ್ಲ. 1920ರ ದಶಕದಲ್ಲಿ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದೊಂದು ಖೋಲಿ 160 ಚದರ ಅಡಿ. ಕಕ್ಕಸು ಎಲ್ಲರಿಗೂ ಸೇರಿ. ಒಂಟಿಯಾಗಿ ಬಂದವರು ಖಾನಾವಳಿಯಲ್ಲಿ ಉಂಡರು. ಸಂಸಾರ ತಂದವರು ಖೋಲಿಯ ಮೂಲೆಯಲ್ಲಿ ತಾವೇ ಕಡಪಾ ಕಲ್ಲು ಹಾಸಿ ಕಟ್ಟೆ ಮಾಡಿಕೊಂಡರು. ಏಕೆಂದರೆ 1947ರ ಬಾಡಿಗೆ ನಿಯಂತ್ರಣ ಕಾನೂನಿನ ರಕ್ಷಣೆ ಅವರಿಗಿತ್ತು. ಪಾಗಡಿ ಕೊಟ್ಟು ಒಳಗೆ ಬಂದವನನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ತಂದೆ ಹಾಕಿಸಿದ ಕಟ್ಟೆಯಲ್ಲಿ ಸೊಸೆ ಅಡಿಗೆ ಮಾಡಿದಳು.

ಈಗ ನಮ್ಮದು ಹನ್ನೊಂದು ತಿಂಗಳ ಬಾಳು. ‘ಲೀವ್ ಎಂಡ್ ಲೈಸೆನ್ಸ್’ ಕರಾರಿನ ಅವಧಿ ಮುಗಿದ ದಿನ ಖೋಲಿ ಖಾಲಿ ಮಾಡಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನಿನ 24ನೆಯ ಕಲಮು ಮಾಲಕನಿಗೆ ಈ ಹಕ್ಕನ್ನು ಕೊಟ್ಟಿದೆ. ಹನ್ನೊಂದು ತಿಂಗಳಿಗೆ ಬಂದವನು ಕಟ್ಟೆ ಕಟ್ಟಿಸಲಾರ, ಮೋರಿ ಅಗೆಸಲಾರ, ಗೋಡೆ ಒಡೆದು ತಂತಿ ಎಳೆಸಲಾರ. ಎಳೆಸಿದರೆ ಅದು ಮುಂದೆ ಬರುವವನ ಬಾಡಿಗೆ ಏರಿಸಲು ಮಾಲಕನಿಗೆ ನೆವವಾಗುತ್ತದೆ. ಆದ್ದರಿಂದಲೇ ಗೋಡೆಗೆ ಅಂಟಿದ ಕೆಲಸ ಮಾಲಕನ ಜವಾಬ್ದಾರಿ ಎಂದು ನಾವು ಹೇಳುವುದು. ಇದು ದಾನವಲ್ಲ, ನ್ಯಾಯ.

ಹಾಗಾದರೆ ಮಾಲಕನು ಕೊಡಲೇಬೇಕಾದದ್ದು ಯಾವುದು? ನಮ್ಮ ಲೆಕ್ಕದಲ್ಲಿ ಐದು.

ಮೊದಲನೆಯದು, ನಿಂತು ಅಡಿಗೆ ಮಾಡುವ ಕಲ್ಲಿನ ಕಟ್ಟೆ. ಸಿಲಿಂಡರು ಕೆಳಗೆ ನೆಟ್ಟಗೆ ನಿಂತು, ಒಲೆ ಅದಕ್ಕಿಂತ ಎತ್ತರದಲ್ಲಿ ಇರಬೇಕು. ನೆಲದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಅಡಿಗೆ ಮಾಡುವುದು ಅಪಾಯ.

ಎರಡನೆಯದು, ನೀರು ಬರುವ ನಳ್ಳಿ, ನೀರು ಹೋಗುವ ಮೋರಿ. ಮೋರಿಗೆ ಇಳಿಜಾರು ಇಲ್ಲದಿದ್ದರೆ ಪಾತ್ರೆ ತೊಳೆದ ನೀರು ಹಾಸಿಗೆಗೆ ಬರುತ್ತದೆ.

ಮೂರನೆಯದು, ಗಾಳಿಯ ದಾರಿ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿಕೊಳ್ಳುತ್ತದೆ. ನಮ್ಮವರು ಮಲಗುವುದೂ ಅದೇ ನೆಲದ ಮೇಲೆ. ಆದುದರಿಂದ ನೆಲಮಟ್ಟದಲ್ಲಿ ಒಂದು ಕಿಂಡಿ ಬೇಕು. ಕೊಳವೆಯಲ್ಲಿ ಬರುವ ಅನಿಲವಾದರೋ ಗಾಳಿಗಿಂತ ಹಗುರ. ಅದಕ್ಕೂ ಹೊಗೆಗೂ ಸೂರಿನ ಬಳಿ ಇನ್ನೊಂದು ಕಿಂಡಿ ಬೇಕು. ಕಿಟಕಿಯಿಲ್ಲದ ಖೋಲಿಯಾದರೆ ಹೊಗೆ ಸೆಳೆಯುವ ಫ್ಯಾನನ್ನು ಮಾಲಕನೇ ಹಾಕಿಸಲಿ. ಯಂತ್ರವೆಂಬ ಹೆಸರಿನಲ್ಲಿ ನಾವು ಮಾಲಕನಿಂದ ಕೇಳುವುದು ಇದೊಂದನ್ನೇ.

ನಾಲ್ಕನೆಯದು, ಅರ್ಥಿಂಗ್ ಇರುವ ತಂತಿ ಮತ್ತು 16 ಆಂಪಿಯರಿನ ಒಂದು ಪ್ಲಗ್ಗು. ಸಾಮಾನ್ಯ 6 ಆಂಪಿಯರಿನ ಪ್ಲಗ್ಗು 230 ವೋಲ್ಟಿನಲ್ಲಿ ತಾಳುವುದು ಹೆಚ್ಚೆಂದರೆ 1,380 ವಾಟು. ಮಿಕ್ಸರಿಗೆ ಅದು ಧಾರಾಳ. ಆದರೆ ಈಗ ಎಲ್ಲರೂ ಕೊಳ್ಳುತ್ತಿರುವ ಇಂಡಕ್ಷನ್ ಒಲೆಗಳಲ್ಲಿ ಹಲವು 2,000 ವಾಟಿನವು. ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ಗು ಕರಗುತ್ತದೆ, ತಂತಿ ಬಿಸಿಯಾಗುತ್ತದೆ, ಹಲಗೆಯ ಮಾಳಿಗೆಗೆ ಬೆಂಕಿ ಹತ್ತಲು ಅಷ್ಟು ಸಾಕು. ಕರೆಂಟು ಸೋರಿದೊಡನೆ ತಾನಾಗಿಯೇ ಕಡಿದುಬಿಡುವ ಸ್ವಿಚ್ಚೂ ಮೀಟರಿನ ಬಳಿ ಇರಲಿ.

ಐದನೆಯದು, ಕಾಗದ. ಇದು ಸಾಮಾನಲ್ಲ, ಆದರೂ ಅಡಿಗೆಗೆ ಬೇಕೇ ಬೇಕು. ಮನೆಬಳಕೆಯ 14.2 ಕಿಲೋ ಸಿಲಿಂಡರು ಪಡೆಯಲು ವಿಳಾಸದ ಪುರಾವೆ ಕೇಳುತ್ತಾರೆ. ಮಾಲಕನು ಕರಾರು ನೋಂದಣಿ ಮಾಡಿಸದಿದ್ದರೆ ಅದನ್ನು ಎಲ್ಲಿಂದ ತರುವುದು? ವಿಳಾಸದ ಪುರಾವೆ ಕೇಳದೆ ಗುರುತಿನ ಚೀಟಿ ನೋಡಿ ಕೊಡುವ 5 ಕಿಲೋ ಸಿಲಿಂಡರು ಉಂಟು. ಅದರ ದರ ಕಿಲೋ ಲೆಕ್ಕದಲ್ಲಿ ಹೆಚ್ಚು. 2021ರಲ್ಲಿ ಬಂದ ಉಜ್ವಲಾ ಯೋಜನೆಯ ಎರಡನೆಯ ಹಂತದಲ್ಲಿ ವಲಸೆ ಬಂದವರು ತಾವೇ ಬರೆದುಕೊಟ್ಟ ಘೋಷಣೆ ಸಾಕೆಂದರು. ಆದರೆ ಆ ಯೋಜನೆ ಬಡ ಕುಟುಂಬದ ಹೆಂಗಸರ ಹೆಸರಿಗೆ. ಒಂಟಿ ಗಂಡಸರು ನಾಲ್ವರು ಇರುವ ಖೋಲಿಗೆ ಅದು ಬಾರದು. ಕೊನೆಗೆ ನಮ್ಮವರು ಗಲ್ಲಿಯ ಮೂಲೆಯಲ್ಲಿ ಕಳ್ಳತನದಿಂದ ತುಂಬಿಕೊಡುವ ಸಣ್ಣ ಸಿಲಿಂಡರಿಗೆ ಕೈ ಚಾಚುತ್ತಾರೆ. ಮಾಲಕನ ಒಂದು ಸಹಿ ಉಳಿಸಲು ನಾಲ್ಕು ಜೀವ ಪಣಕ್ಕೆ!

ಕರಾರನ್ನು ಬರೆದು ನೋಂದಣಿ ಮಾಡಿಸುವ ಹೊಣೆ ಮಾಲಕನದೇ ಎಂದು ಅದೇ 1999ರ ಕಾನೂನಿನ 55ನೆಯ ಕಲಮು ಹೇಳುತ್ತದೆ. ಅವಧಿ ಹನ್ನೊಂದೇ ತಿಂಗಳಾದರೂ ಬಿಡುಗಡೆಯಿಲ್ಲ. ನೋಂದಣಿ ಇಲ್ಲದ ಪಕ್ಷದಲ್ಲಿ ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರನು ಹೇಳಿದ ಮಾತೇ, ಬೇರೆಯಾಗಿ ರುಜುವಾತಾಗುವವರೆಗೆ, ನಿಲ್ಲುತ್ತದೆ. ನಮ್ಮ ಬಂಧುಗಳಲ್ಲಿ ಬಹುಮಂದಿಗೆ ಈ ಮಾತು ಗೊತ್ತಿಲ್ಲ. ಹಾಗೆಂದು ಕಾನೂನು ಎಲ್ಲವನ್ನೂ ಕೊಟ್ಟಿದೆ ಎಂದಲ್ಲ. ಮಾಲಕನು ಕಡಿಯಕೂಡದ ಅವಶ್ಯಕ ಸೌಕರ್ಯಗಳೆಂದು ಅದು ನೀರು, ವಿದ್ಯುತ್ತು, ಮೆಟ್ಟಿಲ ದೀಪ, ಲಿಫ್ಟು, ನೈರ್ಮಲ್ಯಗಳನ್ನು ಹೆಸರಿಸುತ್ತದೆ; ಅಡಿಗೆಯ ಮಾತು ಅಲ್ಲಿಲ್ಲ. 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯ ಪಟ್ಟಿಯಲ್ಲಿ ಕೊಳವೆ ಬದಲಿಸುವುದು, ವಿದ್ಯುತ್ ತಂತಿಯ ಕೆಲಸ ಮಾಲಕನ ಪಾಲಿಗೆ. ನಳ್ಳಿಯ ವಾಶರು, ಮೋರಿ ಶುಚಿ, ಸ್ವಿಚ್ಚು, ಅಡಿಗೆಮನೆಯ ಜೋಡಣೆಗಳ ದುರಸ್ತಿ ಬಾಡಿಗೆದಾರನ ಪಾಲಿಗೆ. ರಾಜ್ಯಗಳು ತಾವಾಗಿ ಅಂಗೀಕರಿಸಿದರೆ ಮಾತ್ರ ಅದಕ್ಕೆ ಬಲ. ಆದರೆ ದುರಸ್ತಿಯ ಹೊಣೆ ನಮ್ಮದೆಂದರೆ, ಮೊದಲು ದುರಸ್ತಿಯಲ್ಲಿರುವುದನ್ನು ನಮ್ಮ ಕೈಗೆ ಕೊಡಬೇಕಲ್ಲವೇ?

ಇನ್ನು ನಮ್ಮ ಪಾಲು. ಒಲೆ, ಕುಕ್ಕರು, ಮಿಕ್ಸರು, ಬೇಕಿದ್ದರೆ ಫ್ರಿಜ್ಜು: ಇವನ್ನು ನಾವೇ ಕೊಳ್ಳೋಣ. ತಿಂಗಳಿಗೆ ಸಾವಿರ ಹೆಚ್ಚು ಕೊಟ್ಟರೆ ಹನ್ನೊಂದು ತಿಂಗಳಿಗೆ 11,000 ರೂಪಾಯಿ. ನಾಲ್ವರು ಸೇರಿ ಅದೇ ಹಣದಲ್ಲಿ ಮಿಕ್ಸರು, ಹಳೆಯದೊಂದು ಫ್ರಿಜ್ಜು ತಂದರೆ ಅದು ನಮ್ಮದಾಗಿಯೇ ಉಳಿಯುತ್ತದೆ. ಒಲೆಯ ರಬ್ಬರು ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸುವುದೂ ನಮ್ಮ ಕೆಲಸವೇ.

ಮಾಲಕರು ಹೇಳುವುದುಂಟು: ‘ಇಷ್ಟೆಲ್ಲ ಮಾಡಿಸಿದರೆ ಬಾಡಿಗೆ ಏರಿಸಬೇಕಾಗುತ್ತದೆ.’ ಅವರೆಲ್ಲರೂ ಸಿರಿವಂತರಲ್ಲ ಎಂಬುದನ್ನು ನಾವು ಬಲ್ಲೆವು. ಗಿರಣಿ ಮುಚ್ಚಿದ ಮೇಲೆ ಮಾಳಿಗೆಯ ಒಂದು ಖೋಲಿಯ ಬಾಡಿಗೆಯಲ್ಲೇ ಬದುಕಿದ ಮನೆಗಳು ನಮ್ಮವರಲ್ಲಿಯೂ ಇವೆ. ಅವರಿಗೆ ನಮ್ಮ ಮಾತು ಇಷ್ಟೇ: ಫ್ರಿಜ್ಜು ಕೊಳ್ಳುವ ಹಣದಲ್ಲಿ ಮೊದಲು ತಂತಿ ಸರಿಪಡಿಸಿರಿ. ಫ್ರಿಜ್ಜು ಹಳತಾಗುತ್ತದೆ, ತಂತಿ ನಿಮ್ಮ ಮನೆಯನ್ನೂ ಉಳಿಸುತ್ತದೆ.

ನಮ್ಮ ಹೋಟೆಲಿನ ಧಣಿಗಳಿಗೂ ಒಂದು ಮಾತು. ಕೆಲಸಗಾರರಿಗೆಂದು ನೀವು ರೂಮು ಕೊಡುತ್ತೀರಿ. ‘ಊಟ ಹೋಟೆಲಿನಲ್ಲೇ ಇದೆ, ರೂಮಿಗೇಕೆ ಒಲೆ?’ ಎನ್ನುತ್ತೀರಿ. ರಜೆಯ ದಿನ ಬರುತ್ತದೆ. ಜ್ವರ ಬರುತ್ತದೆ. ಊರಿನಿಂದ ಹೆಂಡತಿ ಮಕ್ಕಳು ನಾಲ್ಕು ದಿನಕ್ಕೆ ಬರುತ್ತಾರೆ. ದಿನಕ್ಕೆ ನೂರಾರು ಮಂದಿಗೆ ಬಡಿಸಿದ ಕೈಗೆ ಒಂದು ಲೋಟ ಗಂಜಿ ಬೇಯಿಸಿಕೊಳ್ಳುವ ಜಾಗ ಇರಬಾರದೇ? ರೂಮು ಕೊಡುವವರು ನೀವಾದ ಮೇಲೆ ನೀವೂ ಮಾಲಕರೇ. ಐದರ ಪಟ್ಟಿ ನಿಮಗೂ ಅನ್ವಯಿಸುತ್ತದೆ.

ಬಂಧುಗಳೇ, ಮುಂದಿನ ಖೋಲಿ ನೋಡಲು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯಬೇಡಿರಿ. ಮೋರಿಗೆ ಒಂದು ಚೊಂಬು ನೀರು ಸುರಿದು ನೋಡಿರಿ. ಬಾಗಿಲು ಮುಚ್ಚಿ ಗಾಳಿಯ ಕಿಂಡಿ ಹುಡುಕಿರಿ. ಬಲ್ಲವನೊಬ್ಬನನ್ನು ಕರೆದು ಪ್ಲಗ್ಗು ಪರೀಕ್ಷೆ ಮಾಡಿಸಿರಿ. ಕಂಡದ್ದನ್ನು ಕರಾರಿನಲ್ಲಿ ಬರೆಯಿಸಿರಿ. ಓದಲು ತೊಡಕಾದರೆ ಸಹಿ ಹಾಕುವ ಮೊದಲು ಕರಾರನ್ನು ಸಂಘದ ಕಚೇರಿಗೆ ತನ್ನಿರಿ. ಕೂತು ಓದಿ ಹೇಳುತ್ತೇವೆ. ಒಬ್ಬನು ಕೇಳಿದರೆ ಏಜೆಂಟನು ನಕ್ಕು ಬೇರೆಯವನಿಗೆ ಖೋಲಿ ತೋರಿಸುತ್ತಾನೆ. ಬಂದವರೆಲ್ಲರೂ ಅದನ್ನೇ ಕೇಳತೊಡಗಿದರೆ ಅವನು ಮಾಲಕನ ಬಳಿಗೆ ಹೋಗಲೇಬೇಕು.