ಚಳಿಗಾಲದ ಸಂಜೆಗೆ ವಡ್ಡಾರಾಧನೆ

ದೀಪಾವಳಿಯ ವೀರನಿರ್ವಾಣ ಪೂಜೆಯೊಂದಿಗೆ ದಿಗಂಬರ ಮುನಿಗಳ ಚಾತುರ್ಮಾಸ ಮುಗಿಯುತ್ತದೆ. ಮಳೆಗಾಲವೆಲ್ಲ ಒಂದೆಡೆ ನೆಲೆನಿಂತ ಸಂಘವು ವಿಹಾರಕ್ಕೆ ಹೊರಡುತ್ತದೆ. ಬಸದಿಯ ಮಂಟಪದಲ್ಲಿ ದಿನವೂ ಕೇಳಿಬರುತ್ತಿದ್ದ ಪ್ರವಚನ ನಿಲ್ಲುತ್ತದೆ. ಶಾಸ್ತ್ರಗ್ರಂಥಗಳು ಬಟ್ಟೆಯಲ್ಲಿ ಸುತ್ತಿಕೊಂಡು ಕಪಾಟಿಗೆ ಮರಳುತ್ತವೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಅವು ಮತ್ತೆ ಹೊರಬಂದು, ಧೂಳು ಕೊಡವಿಸಿಕೊಂಡು, ಅಕ್ಷತೆ ಹೂವು ಪಡೆದು ಒಳಗೆ ಹೋಗುತ್ತವೆ. ಈ ಎರಡು ತಿಥಿಗಳ ನಡುವಿನ ಕಾಲದಲ್ಲಿ ಓದಿ ಹೇಳುವವರಿಲ್ಲ. ಓದಬೇಕಾದರೆ ಮನೆಯವರೇ ಆರಿಸಿಕೊಂಡು ಓದಬೇಕು. ಹೇಮಂತ, ಶಿಶಿರ ಎರಡೂ ಬೀಳುವುದು ಈ ಕಾಲದಲ್ಲಿಯೇ.

ಚಳಿಗಾಲಕ್ಕೆ ಯಾವ ಪುಸ್ತಕ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಕನ್ನಡದಲ್ಲಿಯೂ ಕೇಳಿಬರುತ್ತಿದೆ. ಉತ್ತರವಾಗಿ ಬರುವ ಪಟ್ಟಿಗಳು ಬಹುಮಟ್ಟಿಗೆ ಹಿಮ ಬೀಳುವ ದೇಶಗಳ ಅಚ್ಚಿನಲ್ಲಿ ಎರಕ ಹೊಯ್ದವು. ಐಸ್‌ಲ್ಯಾಂಡಿನಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಪುಸ್ತಕವನ್ನೇ ಉಡುಗೊರೆಯಾಗಿ ಕೊಡುವ ವಾಡಿಕೆಯಿದೆ. ಇಂಗ್ಲೆಂಡಿನಲ್ಲಿ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ಕ್ರಿಸ್‌ಮಸ್ ಕಥೆಯನ್ನು ಇಂದಿಗೂ ಆ ಕಾಲಕ್ಕೆಂದೇ ತೆರೆಯುತ್ತಾರೆ. ಅಲ್ಲಿಯವರಿಗೆ ಅದು ಸಹಜವಾದುದು, ಸೊಗಸಾದುದೂ ಹೌದು. ಕನ್ನಡ ನಾಡಿಗೆ ಬರುವಾಗ ಆ ಪಟ್ಟಿಗಳಿಂದ ಋತು ಉದುರಿಹೋಗಿ ಮೆತ್ತನೆಯ ಭಾಗವಷ್ಟೇ ಉಳಿಯುತ್ತದೆ: ಹಗುರವಾಗಿರಬೇಕು, ಮನಸ್ಸನ್ನು ಕದಡಬಾರದು, ಹೊದಿಕೆಯೊಳಗೆ ಇನ್ನೊಂದು ಹೊದಿಕೆಯಂತಿರಬೇಕು. ದಣಿದು ಮನೆಗೆ ಬಂದವರು ಅಂಥ ಪುಸ್ತಕವನ್ನು ಬಯಸಿದರೆ ಆಕ್ಷೇಪಿಸುವಂತಿಲ್ಲ. ಆದರೆ ಒಂದು ಋತುವಿನ ಓದನ್ನೆಲ್ಲ ಈ ಒಂದೇ ಅಳತೆಗೋಲಿನಿಂದ ಆರಿಸುವುದು ಬೇರೆ ಮಾತು.

ಕನ್ನಡ ನಾಡಿನ ಚಳಿಗೆ ತನ್ನದೇ ಸ್ವಭಾವವಿದೆ. ಮೂಡುಬಿದಿರೆಯ ಕಡೆ ಅದು ಬೆಳಗಿನ ಜಾವದ ಎರಡು ಗಳಿಗೆಯ ಅತಿಥಿ. ಬಯಲುಸೀಮೆಯಲ್ಲಿ ಅವರೆಕಾಯಿಯ ಜೊತೆಗೆ ಬಂದು ಜೊತೆಗೇ ಹೋಗುತ್ತದೆ. ಇಲ್ಲಿ ಚಳಿಗಿಂತ ಸಂಜೆ ಮುಖ್ಯ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಜೈನ ಮನೆಗಳಲ್ಲಿ ಇದರ ಅನುಭವ ಇನ್ನೂ ಸ್ಪಷ್ಟ. ಕಾರ್ತಿಕ ಕಳೆಯುವ ಹೊತ್ತಿಗೆ ಸೂರ್ಯ 6 ಗಂಟೆಗೆ ಮುಂಚೆಯೇ ಮುಳುಗುವುದರಿಂದ ಊಟವೂ ಅದಕ್ಕೆ ಮೊದಲೇ ಮುಗಿದಿರುತ್ತದೆ. ಅಡುಗೆಮನೆಯ ಕೆಲಸ ತೀರಿ ಮಲಗುವವರೆಗೆ ಮೂರು ತಾಸು ಬರಿದಾಗಿ ಉಳಿಯುತ್ತದೆ. ವರ್ಷದ ಬೇರಾವ ಕಾಲದಲ್ಲಿಯೂ ಇಷ್ಟು ಬಿಡುವು ದೊರೆಯದು. ಇನ್ನೊಂದು ಸಣ್ಣ ಸಂಗತಿಯನ್ನು ಹಿಂದಿನವರು ಮರೆತಿರಲಾರರು. ಮಳೆಗಾಲದ ರಾತ್ರಿ ದೀಪ ಹಚ್ಚಿದರೆ ಹುಳುಹುಪ್ಪಟೆಗಳು ಮುತ್ತಿ ಸಾಯುತ್ತವೆ. ಮುನಿಗಳು ಮಳೆಗಾಲದಲ್ಲಿ ಸಂಚಾರ ನಿಲ್ಲಿಸುವುದಕ್ಕೂ ಜೀವರಾಶಿಯ ಈ ಹೆಚ್ಚಳವೇ ಕಾರಣ. ಚಳಿಗಾಲದ ದೀಪದ ಸುತ್ತ ಆ ಗದ್ದಲ ಕಡಿಮೆ. ದೀಪದ ಬೆಳಕಿನ ಓದಿಗೆ ಇದಕ್ಕಿಂತ ಹಿತವಾದ ಕಾಲವಿಲ್ಲ.

ಓದಿಗೆ ಕಾಲ ನೋಡುವುದು ಜೈನ ಪರಂಪರೆಗೆ ಹೊಸದೇನೂ ಅಲ್ಲ. ಜ್ಞಾನಾಚಾರದ ಅಂಗಗಳಲ್ಲಿ ಮೊದಲನೆಯದೇ ಕಾಲ. ಸಂಧ್ಯೆ, ಗ್ರಹಣ ಮೊದಲಾದ ಹೊತ್ತುಗಳಲ್ಲಿ ಸಿದ್ಧಾಂತಗ್ರಂಥಗಳ ಅಧ್ಯಯನ ಕೂಡದು ಎಂದು ಮೂಲಾಚಾರ ವಿಧಿಸುತ್ತದೆ. ಅಲ್ಲಿಯೇ ಆರಾಧನೆಯ ಗ್ರಂಥಗಳಿಗೂ ಧರ್ಮಕಥೆಗಳಿಗೂ ಈ ಕಟ್ಟು ಇಲ್ಲವೆಂದು ಬಿಡುವನ್ನೂ ಕೊಡುತ್ತದೆ. ಬೇರೆ ಗ್ರಂಥಗಳನ್ನು ಮುಚ್ಚಿಡಬೇಕಾದ ಹೊತ್ತಿನಲ್ಲಿಯೂ ತೆರೆಯಬಹುದಾದುದು ಕಥೆ. ಚಳಿಗಾಲದ ಮನೆಯೋದಿಗೆ ಪುಸ್ತಕ ಹುಡುಕುವವರು ಮೊದಲು ನೋಡಬೇಕಾದ ಕಪಾಟು ಯಾವುದೆಂದು ಈ ಬಿಡುವೇ ಸೂಚಿಸುತ್ತದೆ. ಆರಾಧನೆಯೂ ಹೌದು, ಧರ್ಮಕಥೆಯೂ ಹೌದು ಎನ್ನಬಹುದಾದ ಕನ್ನಡದ ಗ್ರಂಥವೆಂದರೆ ವಡ್ಡಾರಾಧನೆ.

ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ನಿಂತಿರುವ ಈ ಗದ್ಯಕೃತಿಯನ್ನು ಕನ್ನಡಿಗರು ಹೆಚ್ಚಾಗಿ ಬಲ್ಲದ್ದು ಪಠ್ಯಪುಸ್ತಕದ ಒಂದು ಪಾಠವಾಗಿ, ಇಲ್ಲವೇ ಅದರ ಕಾಲ ಕರ್ತೃ ಹೆಸರುಗಳ ಬಗೆಗಿನ ಚರ್ಚೆಯಾಗಿ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಅದನ್ನು ಶಾಸ್ತ್ರೀಯವಾಗಿ ಸಂಪಾದಿಸಿದ ಮೇಲೆ ಚರ್ಚೆ ಬೆಳೆದಷ್ಟು ಓದು ಬೆಳೆಯಲಿಲ್ಲ. ಇದು ಸಂಶೋಧಕರ ತಪ್ಪಲ್ಲ. ಸಂಶೋಧನೆಯ ವಸ್ತುವಾದ ಮೇಲೆ ಅದು ಮನೆಯ ಪುಸ್ತಕವಲ್ಲವೆಂದು ಮನೆಯವರೇ ತೀರ್ಮಾನಿಸಿಕೊಂಡರು. ಅದರಲ್ಲಿ 19 ಕಥೆಗಳಿವೆ. ಪ್ರತಿಯೊಂದೂ ಒಂದು ಪ್ರಾಕೃತ ಗಾಹೆಯಿಂದ ಮೊದಲಾಗಿ, ಅದರ ಅರ್ಥ ಹೇಳಿ, ಬಳಿಕ ಕಥೆಗೆ ಇಳಿಯುತ್ತದೆ. ಕಿವಿಗೆಂದೇ ಕಟ್ಟಿದ ಗದ್ಯವಿದು. ಒಂದು ಕಥೆಯ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟುತ್ತದೆ, ಹೇಳಿದ ಮಾತು ಹೊಸ ಸಂದರ್ಭದಲ್ಲಿ ಮರಳಿ ಬರುತ್ತದೆ. ನಡುವೆ ತೂಕಡಿಸಿದವನೂ ಎಚ್ಚೆತ್ತು ಎಳೆ ಹಿಡಿಯಬಲ್ಲ.

ಮೊದಲ ಕಥೆ ಸುಕುಮಾರಸ್ವಾಮಿಯದು. ಬೆಚ್ಚನೆಯ ಓದಿನ ಪಟ್ಟಿಗಳ ಬಗ್ಗೆ ಹೇಳಬೇಕಾದುದೆಲ್ಲ ಈ ಕಥೆಯಲ್ಲಿದೆ. ಉಜ್ಜಯಿನಿಯ ಸಿರಿವಂತೆ ಯಶೋಭದ್ರೆಯ ಒಬ್ಬನೇ ಮಗ ಸುಕುಮಾರ. ಮುನಿಯನ್ನು ಕಂಡರೆ ಇವನು ತಪಸ್ಸಿಗೆ ಹೋಗುತ್ತಾನೆಂದು ನೈಮಿತ್ತಿಕರು ಹೇಳಿದ್ದರಿಂದ ತಾಯಿ ಋಷಿಗಳಿಗೆ ಮನೆಯ ಬಾಗಿಲು ಮುಚ್ಚಿದಳು. 32 ಹೆಂಡಿರು, ಮಾಡದ ಮೇಲೆ ಮಾಡ, ರತ್ನಗಳ ಬೆಳಕು. ಅರಸನಿಗೂ ಕೊಳ್ಳಲಾಗದ ರತ್ನಕಂಬಳ ಮಾರಾಟಕ್ಕೆ ಬಂದಾಗ ಅವಳು ಕೊಂಡು, ತುಂಡರಿಸಿ, ಸೊಸೆಯರ ಪಾದರಕ್ಷೆ ಮಾಡಿಸಿದಳು. ಬೆರಗಾದ ಅರಸ ಇವನನ್ನು ನೋಡಲು ಮನೆಗೇ ಬಂದ. ಆರತಿಯ ದೀಪಕ್ಕೆ ಸುಕುಮಾರನ ಕಣ್ಣಲ್ಲಿ ನೀರು ಬಂತು. ಮಂಗಳಕ್ಕೆಂದು ಎರಚಿದ ಬಿಳಿಸಾಸಿವೆ ಆಸನದ ಮೇಲೆ ಉಳಿದು ಅವನಿಗೆ ಒತ್ತಿತು. ಅರಸ ಇದನ್ನು ರೋಗವೆಂದು ಬಗೆದ. ತಾಯಿ ಅದು ರೋಗವಲ್ಲ, ಸುಖವೆಂದು ವಿವರಿಸಬೇಕಾಯಿತು.

ಆ ಮನೆಯೊಳಗೆ ಎಲ್ಲವೂ ಬರಬಹುದು, ಮಗನನ್ನು ಎಬ್ಬಿಸಬಲ್ಲ ಮಾತೊಂದನ್ನುಳಿದು. ಮನಸ್ಸನ್ನು ಕದಡಬಾರದೆಂಬ ಒಂದೇ ನಿಯಮದಿಂದ ಪುಸ್ತಕ ಆರಿಸುವವರು ಯಶೋಭದ್ರೆಯ ಕೆಲಸವನ್ನೇ ಮಾಡುತ್ತಿದ್ದಾರೆ. ಅವಳ ಪ್ರೀತಿಯಲ್ಲಿ ಕಪಟವಿರಲಿಲ್ಲ. ಪಟ್ಟಿ ಮಾಡುವವರಲ್ಲಿಯೂ ಇಲ್ಲ. ಆದರೆ ಸಾಸಿವೆ ಒತ್ತುವಷ್ಟು ಮೃದುವಾದ ಓದುಗ ಹಾಗೆಯೇ ತಯಾರಾಗುತ್ತಾನೆ. ಮುಂದಿನ ಭಾಗ ಪ್ರಸಿದ್ಧವಾದುದು. ಈ ಕಥೆಯ ಪರಂಪರೆ ಹೇಳುವಂತೆ ಮನೆಯ ಹತ್ತಿರ ವರ್ಷಾಯೋಗಕ್ಕೆ ನಿಂತಿದ್ದ ಮುನಿ, ಯೋಗ ಮುಗಿದ ಇರುಳಿನಲ್ಲಿ, ಲೋಕಸ್ವರೂಪವನ್ನು ವರ್ಣಿಸುವ ಶಾಸ್ತ್ರವನ್ನು ಗಟ್ಟಿಯಾಗಿ ಓದಿದ. ಸುಕುಮಾರನಿಗೆ ಕೇಳಿಸಿತು, ಹಿಂದಿನ ಜನ್ಮಗಳು ನೆನಪಾದುವು. ಬಟ್ಟೆಗಳನ್ನು ಗಂಟುಹಾಕಿ ಮಾಡದಿಂದ ಕೆಳಗಿಳಿದು ಹೊರಟುಹೋದ. ಎಷ್ಟೋ ಬಾಗಿಲುಗಳನ್ನು ಕಾದ ಮನೆಗೆ ಕಿಟಕಿಯಿಂದ ಬಂದ ಓದಿನ ದನಿಯನ್ನು ಕಾಯಲಾಗಲಿಲ್ಲ. ಮಳೆಗಾಲದ ಯೋಗ ಮುಗಿದು ಮುಂದಿನ ಋತುವಿಗೆ ಕಾಲಿಡುವ ರಾತ್ರಿಯದು ಎಂಬುದನ್ನು ಚಾತುರ್ಮಾಸ ಮುಗಿದ ವಾರದಲ್ಲಿ ಈ ಕಥೆ ಓದುವವರು ಗಮನಿಸದೆ ಇರಲಾರರು.

ವಡ್ಡಾರಾಧನೆಗೆ ಉಪಸರ್ಗಕೇವಲಿಗಳ ಕಥೆ ಎಂಬ ಇನ್ನೊಂದು ಹೆಸರಿದೆ. ಹೆಸರೇ ಹೇಳುವಂತೆ ಅದು ಕಷ್ಟಗಳ ಪುಸ್ತಕ: ನರಿ, ಬೆಂಕಿ, ಹಸಿವು, ನೀರಡಿಕೆ, ಬಿಸಿಲು, ಚಳಿ. ಇಂಥದನ್ನು ಬೆಚ್ಚಗೆ ಕುಳಿತು ಓದುವುದು ಒಂದು ಬಗೆಯ ಅಸಭ್ಯತೆಯಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. 22 ಪರೀಷಹಗಳಲ್ಲಿ ಹಸಿವು ಬಾಯಾರಿಕೆಗಳ ನಂತರ ಎಣಿಸುವುದು ಶೀತವನ್ನು. ಋತುವಿಗೆ ಒಂದರಂತೆ ಮೂರು ಯೋಗಗಳನ್ನು ಶಾಸ್ತ್ರ ಹೇಳುತ್ತದೆ: ಬೇಸಗೆಯಲ್ಲಿ ಬೆಟ್ಟದ ಮೇಲೆ ಬಿಸಿಲಿಗೆ ಮೈಯೊಡ್ಡುವ ಆತಾಪನ, ಮಳೆಗಾಲದಲ್ಲಿ ಮರದಡಿ ನಿಲ್ಲುವ ವೃಕ್ಷಮೂಲ, ಚಳಿಗಾಲದಲ್ಲಿ ಬಟ್ಟಬಯಲಿನ ಆಕಾಶದಡಿ ಇರುಳು ಕಳೆಯುವ ಅಭ್ರಾವಕಾಶ. ಬಟ್ಟೆಯಿಲ್ಲದ ಮೈಗೆ ಈ ಮೂರನೆಯದು ಏನು ಮಾಡೀತೆಂಬುದನ್ನು ಹೊದೆದು ಕುಳಿತವನು ಊಹಿಸಬಹುದು. ಹೊದೆದಿದ್ದಾನೆಂಬ ಕಾರಣದಿಂದಲೇ ಊಹಿಸಬಹುದು. ನಡುಬೇಸಗೆಯಲ್ಲಿ ಓದಿದರೆ ಶೀತಪರೀಷಹ ಒಂದು ಪದ. ಪುಷ್ಯಮಾಸದ ರಾತ್ರಿ ಕಂಬಳಿಯ ಅಂಚು ಸರಿದಾಗ ಓದಿದರೆ ಅದು ಪದವಾಗಿ ಉಳಿಯುವುದಿಲ್ಲ. ಓದಿಗೆ ಋತು ಬೇಕೆಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಸಿಗುವುದು ಕಷ್ಟ. ಕಂಬಳಿಯನ್ನು ಕಿತ್ತೆಸೆಯಬೇಕೆಂದು ಯಾರೂ ಕೇಳುತ್ತಿಲ್ಲ.

ದೀಪಾವಳಿಯಿಂದ ಯುಗಾದಿಗೆ ಐದು ಚಾಂದ್ರಮಾಸ, ಎಂದರೆ ಸುಮಾರು 21 ವಾರ. ವಾರಕ್ಕೊಂದು ಕಥೆಯಂತೆ 19 ಕಥೆಗಳು ಮುಗಿದು ಎರಡು ವಾರ ಮಿಗುತ್ತವೆ. ಆ ಎರಡೂ ಸುಕುಮಾರನ ಕಥೆಗೇ ಹೋಗುತ್ತವೆ, ಏಕೆಂದರೆ ಅದರೊಳಗೆ ನಾಗಶ್ರೀಯ ಕಥೆಯಿದೆ: ಮುನಿಯಿಂದ ಪಡೆದ ವ್ರತಗಳನ್ನು ಹಿಂದಿರುಗಿಸಿ ಬರೋಣವೆಂದು ತಂದೆ ಮಗಳನ್ನು ಕರೆದುಕೊಂಡು ಹೋಗುತ್ತಾನೆ, ದಾರಿಯಲ್ಲಿ ಶಿಕ್ಷೆಗೊಳಗಾದವರನ್ನು ಕಂಡು ಹುಡುಗಿ ಕಾರಣ ಕೇಳುತ್ತಾಳೆ, ಒಂದೊಂದು ಕಾರಣವೂ ಒಂದೊಂದು ವ್ರತವನ್ನು ಅವಳ ಬಳಿಯೇ ಉಳಿಸುತ್ತದೆ. ಮಕ್ಕಳು ಸುಕುಮಾರನಿಗಿಂತ ಇವಳನ್ನೇ ಹೆಚ್ಚು ಮೆಚ್ಚಿದರೆ ಆಶ್ಚರ್ಯವಿಲ್ಲ.

ಬೇರೆ ಆಯ್ಕೆಗಳಿಲ್ಲವೆಂದಲ್ಲ. ನಿಜವಾಗಿಯೂ ಬೆಚ್ಚನೆಯ ಪುಸ್ತಕವೇ ಬೇಕೆನ್ನುವವರಿಗೆ ರತ್ನಾಕರವರ್ಣಿಯ ಭರತೇಶವೈಭವವಿದೆ. ಹಾಡಲು ಬರುವವರೊಬ್ಬರು ಮನೆಯಲ್ಲಿದ್ದರೆ ಅದರ ಸಾಂಗತ್ಯಕ್ಕೆ ಸಮನಾದುದಿಲ್ಲ. ಅರಮನೆಯ ಊಟ, ಹರಟೆ, ಸಂಗೀತಗಳ ನಡುವೆಯೇ ಭರತ ಯೋಗಿಯಾಗಿರುತ್ತಾನೆ. ಆದರೆ ಸುಮಾರು 10,000 ಪದ್ಯಗಳು ಒಂದು ಚಳಿಗಾಲಕ್ಕೆ ಮುಗಿಯುವಂಥವಲ್ಲ. ಮುಳುಗುಂದದ ನಯಸೇನನು 1112ರಲ್ಲಿ ಮುಗಿಸಿದ ಧರ್ಮಾಮೃತದ 14 ಆಶ್ವಾಸಗಳು ಗಾದೆಗಳಿಂದ, ಹೊಲಮನೆಯ ಹೋಲಿಕೆಗಳಿಂದ ತುಂಬಿವೆ. ಎರಡನೆಯ ವರ್ಷಕ್ಕೆ ಅದನ್ನು ಇಟ್ಟುಕೊಳ್ಳಬಹುದು. ಜನ್ನನ ಯಶೋಧರಚರಿತೆ ಚಿಕ್ಕದೆಂದು ಕೆಲವರು ಮೊದಲು ಎತ್ತಿಕೊಳ್ಳುತ್ತಾರೆ. ಅದು ವಸಂತದ ಮಾರಿಜಾತ್ರೆಯಿಂದ ತೊಡಗುವ ಕಾವ್ಯ. ಫಾಲ್ಗುಣ ಮುಗಿಯುವವರೆಗೆ ಕಾಯುವುದು ಲೇಸು.

ಭಾಷೆಯ ತೊಡಕು ಇದ್ದೇ ಇದೆ. ವಡ್ಡಾರಾಧನೆಗೆ ಹೊಸಗನ್ನಡ ರೂಪಗಳು ಬಂದಿವೆ. ಅವನ್ನು ಮಾತ್ರ ಓದಿದರೂ ಲಾಭವೇ. ಇನ್ನೂ ಒಳ್ಳೆಯ ದಾರಿ ಬಸದಿಗಳಲ್ಲಿ ಶಾಸ್ತ್ರ ಹೇಳುತ್ತಿದ್ದವರದು: ಒಂದು ವಾಕ್ಯವನ್ನು ಮೂಲದಲ್ಲಿ ಗಟ್ಟಿಯಾಗಿ ಓದುವುದು, ಅದನ್ನೇ ಮನೆಮಾತಿನಲ್ಲಿ ಹೇಳುವುದು. ಮೊದಲ ವಾರ ನಾಲಿಗೆ ತಡವರಿಸುತ್ತದೆ. ಆಮೇಲೆ ಹಳಗನ್ನಡದ ಕ್ರಿಯಾಪದಗಳು ತಾವಾಗಿ ಪಳಗುತ್ತವೆ. ತತ್ತ್ವಾರ್ಥಸೂತ್ರ ಸ್ವಾಧ್ಯಾಯದ ಐದು ಬಗೆಗಳನ್ನು ಎಣಿಸುವಾಗ ವಾಚನೆಯ ಬೆನ್ನಿಗೇ ಇಡುವುದು ಪೃಚ್ಛನೆಯನ್ನು, ಎಂದರೆ ಕೇಳುವುದನ್ನು. ಚಳಿಗಾಲಕ್ಕೆ ಪುಸ್ತಕ ಆರಿಸುವಾಗ ಇದನ್ನು ಅಳತೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಓದಿ ಮುಗಿಸಿದ ಮೇಲೆ ಕೂಟದಲ್ಲಿ ಯಾರಿಗೂ ಏನನ್ನೂ ಕೇಳಬೇಕೆನಿಸದಿದ್ದರೆ ಆ ಪುಸ್ತಕಕ್ಕೆ ಅಷ್ಟು ಜನ ಸೇರಬೇಕಾಗಿರಲಿಲ್ಲ.

ಚಳಿ ಗಟ್ಟಿಯಾದ ವಾರಕ್ಕೆ ಸಿರಿದಿಣ್ಣ ಭಟಾರರ ಕಥೆಯನ್ನು ಕಾದಿರಿಸಬಹುದು. ಶ್ರೀದತ್ತನೆಂಬ ಅರಸ ತನ್ನ ರಾಣಿಯೊಡನೆ ಪಗಡೆಯಾಡುತ್ತಿದ್ದಾಗ ರಾಣಿ ಸಾಕಿದ ಗಿಳಿ ಲೆಕ್ಕವಿಡುತ್ತಿತ್ತು ಎಂದು ಆರಾಧನಾ ಕಥೆಗಳು ಹೇಳುತ್ತವೆ. ಅರಸ ಗೆದ್ದರೆ ಒಂದು ಗೆರೆ, ರಾಣಿ ಗೆದ್ದರೆ ಎರಡು. ಅದನ್ನು ಕಂಡು ಸಿಟ್ಟಾದ ಅರಸ ಗಿಳಿಯ ಕೊರಳು ಹಿಸುಕಿ ಕೊಂದ. ಗಿಳಿ ವ್ಯಂತರನಾಗಿ ಹುಟ್ಟಿತು. ಮುಂದೆ ಅರಸ ರಾಜ್ಯ ಬಿಟ್ಟು ಮುನಿಯಾಗಿ, ಚಳಿಗಾಲದಲ್ಲಿ ಊರ ಹೊರಗೆ ಕಾಯೋತ್ಸರ್ಗದಲ್ಲಿ ನಿಂತಾಗ ಆ ವ್ಯಂತರ ಕೊರೆಯುವ ಗಾಳಿಯನ್ನೂ ನೀರನ್ನೂ ಅವನ ಮೇಲೆ ಸುರಿಸಿತು. ಮುನಿ ಕದಲಲಿಲ್ಲ. ಕೇಳುತ್ತ ಕುಳಿತ ಮಕ್ಕಳ ಪ್ರಶ್ನೆಯಂತೂ ಮುನಿಯ ಬಗೆಗಿರದು, ಗಿಳಿಯ ಬಗೆಗಿರುತ್ತದೆ: ರಾಣಿಗೆ ಎರಡು ಗೆರೆ ಎಳೆದದ್ದು ಮೋಸವೋ, ಸಾಕಿದವಳ ಮೇಲಿನ ಅಕ್ಕರೆಯೋ? ಉತ್ತರ ಹೇಳಹೊರಟ ದೊಡ್ಡವರಿಗೆ ಮರುದಿನದ ಸಂಜೆಯೂ ಬೇಕಾದೀತು.