ಹಿತ್ತಲಿಗೆ ಬಂದ ಕೊಕ್ಕರೆ ಹೊಳೆ ಬಿಟ್ಟದ್ದೇಕೆ?

ತುಂಗಭದ್ರೆಯ ದಂಡೆಗುಂಟ ಸಿರುಗುಪ್ಪ ಸೀಮೆಯ ಊರುಗಳಲ್ಲಿ ಹಿತ್ತಲು ಎಂದರೆ ಬಚ್ಚಲ ನೀರು ಹರಿಯುವ ಮೋರಿ, ನಾಲ್ಕು ಬಾಳೆಗಿಡ, ಒಂದು ನುಗ್ಗೆಮರ, ಬಟ್ಟೆ ಒಗೆಯುವ ಬಂಡೆ. ಅದರಾಚೆ ಗದ್ದೆ, ಗದ್ದೆಯಾಚೆ ಹೊಳೆ. ಈ ಹಿತ್ತಲುಗಳಿಗೆ ಸೊಂಟದೆತ್ತರದ ಹಕ್ಕಿಗಳು ಕಾಲಿಡುತ್ತಿರುವುದು ದಂಡೆಯ ಜನಕ್ಕೆ ಹಿಗ್ಗು ತಂದಿದೆ. ಬೂದು ಬಕ, ಬಿಳಿ ಕೆಂಬರಲು, ಬಾಯಿಕಳಕ, ಒಮ್ಮೊಮ್ಮೆ ಬಾಲದ ಬಳಿ ಗುಲಾಬಿ ಪುಕ್ಕ ಹೊತ್ತ ಬಣ್ಣದ ಕೊಕ್ಕರೆ. ಮಕ್ಕಳು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ. ದೊಡ್ಡವರು ಮಳೆ ಬೆಳೆ ಚೆನ್ನಾಗಿರುವ ಲಕ್ಷಣ ಎನ್ನುತ್ತಾರೆ. ಕುರುಗೋಡು ಕಡೆಯ ಕಾಲುವೆ ಬಯಲಿನಲ್ಲೂ, ಬಳ್ಳಾರಿ ನಗರದ ಅಂಚಿನ ಬಡಾವಣೆಗಳ ಚರಂಡಿ ಬದಿಯಲ್ಲೂ ಇದೇ ನೋಟ, ಇದೇ ಮಾತು. ಹೊಳೆಯ ಹಕ್ಕಿ ಇಲ್ಲಿಗೇಕೆ ಬಂತು ಎಂದು ಯಾರಾದರೂ ಕೇಳಿದರೆ ಉತ್ತರ ತುದಿನಾಲಿಗೆಯಲ್ಲೇ ಇರುತ್ತದೆ: "ಬರ್ತಾವ, ಹೋಗ್ತಾವ ಬಿಡ್ರಿ." ನಮ್ಮ ತಕರಾರೆಲ್ಲ ಆ "ಬಿಡ್ರಿ"ಯ ಮೇಲೆ.

ನೀರಲ್ಲಿ ನಿಂತು ಮೇಯುವ ಹಕ್ಕಿಯ ಬದುಕು ಅದರ ಮೊಣಕಾಲು ಮುಳುಗುವಷ್ಟು ನೀರಿಗೆ ಕಟ್ಟುಬಿದ್ದದ್ದು. ಬಣ್ಣದ ಕೊಕ್ಕರೆ ಮೇಯುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಕಣ್ಣನ್ನು ನಂಬಿ ಬೇಟೆಯಾಡುವುದಿಲ್ಲ. ಹಳದಿ ಕೊಕ್ಕನ್ನು ಅರೆತೆರೆದು ನೀರಿಗಿಳಿಸಿ ಅತ್ತಿತ್ತ ಬೀಸುತ್ತದೆ, ಕಾಲಿನಿಂದ ಕೆಸರು ಕದಡುತ್ತದೆ. ಗಾಬರಿಬಿದ್ದ ಮೀನು ಕೊಕ್ಕಿಗೆ ತಾಗಿದ್ದೇ ತಡ, ಕೊಕ್ಕು ಮುಚ್ಚಿಕೊಳ್ಳುತ್ತದೆ. ಹೀಗೆ ತಡಕಾಡಿ ಹೊಟ್ಟೆ ತುಂಬಬೇಕಾದರೆ ನೀರು ತೆಳ್ಳಗಿರಬೇಕು, ಮೀನು ದಟ್ಟವಾಗಿರಬೇಕು. ಬಾಯಿಕಳಕಕ್ಕೆ ಬೇಕಾದದ್ದು ಬಸವನಹುಳು. ಗದ್ದೆಯಿಂದ ಅದನ್ನು ಎತ್ತಿ ತಂದು ಚಿಪ್ಪಿನಿಂದ ಮಾಂಸ ಬಿಡಿಸುತ್ತದೆ. ಅದು ಮೇದ ಕಡೆ ಬದುವಿನ ಮೇಲೆ ಖಾಲಿ ಚಿಪ್ಪಿನ ಗುಡ್ಡೆ ಬಿದ್ದಿರುತ್ತದೆ. ಕೆಂಬರಲು ಹಸಿ ಮಣ್ಣಿನೊಳಗೆ ಬಾಗಿದ ಕೊಕ್ಕು ಇಳಿಸಿ ಹುಳು ಹುಡುಕುವ ಹಕ್ಕಿ. ಇಂಥವು ಹೊಳೆಯನ್ನೂ ಗದ್ದೆಯನ್ನೂ ಬಿಟ್ಟು, ಜನರ ಸದ್ದು ಸಹಿಸಿಕೊಂಡು, ನಾಯಿಯ ಭಯ ನುಂಗಿಕೊಂಡು ಮೋರಿಯ ಬಾಯಿಗೆ ಬಂದು ನಿಂತರೆ ನಮ್ಮ ಮೇಲಿನ ಪ್ರೀತಿಯಿಂದ ಬಂದಿರಲಾರವು.

ಹೊಳೆಯ ಕಡೆ ನೋಡೋಣ. ಮರಳು ತೆಗೆದ ಕಡೆ ದಂಡೆಯ ಇಳಿಜಾರು ಉಳಿದಿಲ್ಲ. ಒಂದು ಹೆಜ್ಜೆ ಆಚೆಗೆ ಆಳದ ಗುಂಡಿ. ವೇದಾವತಿ ಹಗರಿಯ ಪಾತ್ರದ ಕಥೆಯೂ ಇದೇ. ಕೊಕ್ಕರೆ ಈಜುವ ಹಕ್ಕಿಯಲ್ಲ. ನಿಲ್ಲಲು ಬಾರದ ನೀರು ಇದ್ದೂ ಇಲ್ಲದ ನೀರು. ಬೇಸಿಗೆಯಲ್ಲಿ ಹೊಳೆ ಮಡುಗಳಾಗಿ ಒಡೆದಾಗ ಆ ಮಡುಗಳಿಗೆ ಊರಿನ ಚರಂಡಿ, ಗದ್ದೆಯ ಬಸಿನೀರು ಬಂದು ಸೇರುತ್ತವೆ. ತುಂಗಭದ್ರಾ ಜಲಾಶಯದ ನೀರು ಹಸಿರಾಯಿತೆಂಬ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದುತ್ತೇವೆ, ಓದಿ ಪುಟ ತಿರುವುತ್ತೇವೆ. ಪಾಚಿ ಹಾಗೆ ಹಬ್ಬಲು ಗೊಬ್ಬರದ ಸಾರ ಬೇಕು. ಅದು ಯಾರ ಹೊಲದಿಂದ, ಯಾವ ಊರಿನ ಚರಂಡಿಯಿಂದ ಬಂತೆಂದು ಕೇಳುವವರು ಕಡಿಮೆ.

ಗದ್ದೆಯ ಸಂಗತಿ ಇನ್ನೂ ಸೂಕ್ಷ್ಮ. ನಾಟಿ ಬಿಟ್ಟು ಕೂರಿಗೆ ಬಿತ್ತನೆಗೆ ಹೊರಳುವುದರಿಂದ ನೀರು ಉಳಿಯುತ್ತದೆ, ಆಳಿನ ಖರ್ಚು ತಗ್ಗುತ್ತದೆ. ಅದನ್ನು ತಪ್ಪೆನ್ನಲು ನಾವು ಹೊರಟಿಲ್ಲ. ಆದರೆ ಅಂಥ ಗದ್ದೆಯಲ್ಲಿ ನೀರು ನಿಲ್ಲುವ ದಿನಗಳು ಕಡಿಮೆ, ಕಳೆನಾಶಕದ ಪಾಲು ಹೆಚ್ಚು. ನೀರು ನಿಂತ ಗದ್ದೆಗೂ ಗುಳಿಗೆ ಚೆಲ್ಲುತ್ತಾರೆ, ಎಣ್ಣೆ ಹೊಡೆಯುತ್ತಾರೆ. ಎಣ್ಣೆ ಹೊಡೆದ ಮರುದಿನ ಮಡಿಯಲ್ಲಿ ಹೊಟ್ಟೆ ಮೇಲಾಗಿ ತೇಲುವ ಕಪ್ಪೆಯನ್ನು ಕಾಣದ ರೈತ ಈ ಬಯಲಲ್ಲಿ ಇರಲಾರ. ಅಮೆರಿಕದಲ್ಲಿ ಕಾರ್ಬೊಫ್ಯುರಾನ್ ಗುಳಿಗೆಯನ್ನು 1990ರ ದಶಕದಲ್ಲೇ ಹಿಂದೆ ಸರಿಸಿದ್ದು ಹಕ್ಕಿಗಳ ಸಾವಿನ ಕಾರಣಕ್ಕೆ. ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ 1995-96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಸಾವಿರಾರು ಗಿಡುಗಗಳನ್ನು ಕೊಂದಿತು. ನಮ್ಮ ದೇಶದಲ್ಲಿ ಅದರ ನಿಷೇಧಕ್ಕೆ ಆದೇಶ ಹೊರಟದ್ದು 2023ರಲ್ಲಿ. ನಡುವಿನ ಇಷ್ಟೂ ವರ್ಷ ಹಕ್ಕಿಗಳು ಹೇಳುತ್ತಲೇ ಇದ್ದವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ತಲೆಮಾರುಗಳಿಂದ ಮನೆಯಂಗಳದ ಹುಣಸೆಮರದಲ್ಲೇ ಇಲ್ಲವೇ? ಬಾಣಂತನಕ್ಕೆ ತವರಿಗೆ ಬಂದ ಮಗಳಂತೆ ಊರವರು ಅವನ್ನು ಕಾಣುವುದಿಲ್ಲವೇ? ನಿಜ. ಆದರೆ ಅಲ್ಲಿಯ ಹಕ್ಕಿ ಮನೆಯ ಮರಕ್ಕೆ ಬರುವುದು ಗೂಡು ಕಟ್ಟಲು; ಮೇಯಲು ಹೋಗುವುದು ಶಿಂಷಾ ಹೊಳೆಗೆ, ಸುತ್ತಲಿನ ಕೆರೆಗಳಿಗೆ. ಗೂಡಿಗೆ ಬರುವ ಹಕ್ಕಿ ಬೇರೆ, ತುತ್ತಿಗೆ ಬರುವ ಹಕ್ಕಿ ಬೇರೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾದ ಆ ಊರಿನಲ್ಲೂ 2017ರ ಕೊನೆಯಿಂದ 2018ರ ಆರಂಭದವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಪರೀಕ್ಷೆ ಮಾಡಿದಾಗ ಸಿಕ್ಕದ್ದು ಹೊಟ್ಟೆಯಲ್ಲಿ ಜಂತುಹುಳು; ಮೀನಿನ ಮೂಲಕ ಬರುವಂಥದ್ದು. ಅಷ್ಟಾದರೂ ಗೊತ್ತಾದದ್ದು ಅಲ್ಲಿ ಬಿದ್ದ ಹಕ್ಕಿಯನ್ನು ಎತ್ತಿ ನೋಡುವ, ಲೆಕ್ಕ ಇಡುವ ಜನ ಇದ್ದುದರಿಂದ. ನಮ್ಮ ದಂಡೆಯಲ್ಲಿ ಸತ್ತ ಕೊಕ್ಕರೆ ತಿಪ್ಪೆಗೆ ಹೋಗುತ್ತದೆ.

ಹತ್ತಿರದ ಉದಾಹರಣೆಯೂ ಇದೆ. ಮೊನ್ನೆ ಮೊನ್ನೆಯವರೆಗೆ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಜಾಗತಿಕ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಮೀಸಲು ಪ್ರದೇಶ. ಎರಡೂ ಒಳ್ಳೆಯ ಕೆಲಸ. ಆದರೆ ಫಲಕ ನೆಟ್ಟ ಜಾಗದ ಗಡಿ ಹಕ್ಕಿಗೆ ಗೊತ್ತಿಲ್ಲ. ಮೀಸಲು ಕೆರೆಯಲ್ಲಿ ಗೂಡು ಕಟ್ಟಿದ ಕೊಕ್ಕರೆಯೂ ಮರಿಗೆ ತುತ್ತು ತರುವುದು ಫಲಕವಿಲ್ಲದ ಗದ್ದೆಯಿಂದ. ಕಂಪ್ಲಿಯ ಕೆಳಗೆ, ಸಿರುಗುಪ್ಪದತ್ತ, ಹೊಳೆ ಅದೇ, ನೀರು ಅದೇ. ಕಾಯುವವರು ಮಾತ್ರ ಇಲ್ಲ.

ಈ ಸೀಮೆಗೆ ಇಂಥ ಕಡೆಗಣನೆ ಹೊಸತಾಗಿದ್ದರೆ ಇಷ್ಟು ಒತ್ತಿ ಹೇಳಬೇಕಾಗಿರಲಿಲ್ಲ. ಸಿರುಗುಪ್ಪದ ಎರೆ ಬಯಲಿನಲ್ಲಿ ಎರೆಭೂತ ಎಂಬ ಹೆಬ್ಬಕ್ಕಿ ನಡೆದಾಡುತ್ತಿತ್ತು. ಜೋಳ, ಕಡಲೆ ಹೊಲಗಳ ನಡುವೆ ತಲೆಯೆತ್ತಿ ನಿಧಾನವಾಗಿ ಹೆಜ್ಜೆ ಹಾಕುವ, ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ರಾಣೆಬೆನ್ನೂರಿನಲ್ಲೂ ಇತ್ತು. ಅಲ್ಲಿ 1974ರಲ್ಲಿ ಅಭಯಾರಣ್ಯವಾಯಿತು, ಒಳಗೆ ನೀಲಗಿರಿ ನೆಟ್ಟರು, ಎರೆಭೂತ ಇಲ್ಲವಾಯಿತು. ನಮ್ಮಲ್ಲಿ ಹುಲ್ಲು ಬಯಲು ಸರ್ಕಾರಿ ಕಡತದಲ್ಲಿ ಪಾಳು ಭೂಮಿಯಾಗಿತ್ತು. ಪಾಳು ಭೂಮಿ ಉಳುಮೆಗೆ ಬಂದರೆ ಯಾರಿಗೆ ಬೇಸರ? ಒಂದು ವರ್ಷ ನಾಲ್ಕು ಕಂಡವು, ಇನ್ನೊಂದು ವರ್ಷ ಎರಡು. ಆಗಲೂ ಇದೇ ಮಾತು, ಬರ್ತಾವ ಹೋಗ್ತಾವ ಬಿಡ್ರಿ. ಇಂದು ಲೋಕದಲ್ಲಿ ಒಟ್ಟು ಉಳಿದಿರುವುದು ನೂರೈವತ್ತರ ಆಸುಪಾಸು ಎಂಬ ಅಂದಾಜಿದೆ; ಕರ್ನಾಟಕದ ಪಾಲಿಗೆ ಉಳಿದ ಬೆರಳೆಣಿಕೆಯ ಹಕ್ಕಿಗಳ ಕೊನೆಯ ನೆಲೆ ಇದೇ ಸಿರುಗುಪ್ಪ. ಈಗ ಅವನ್ನು ಉಳಿಸಲು ಯೋಜನೆಗಳಿವೆ, ತಜ್ಞರಿದ್ದಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಾವು ನಿಸ್ಸೀಮರು.

ಮುನ್ಸೂಚನೆ ಕಡೆಗಣಿಸಿ ಕೆಟ್ಟದ್ದು ಹಕ್ಕಿಯೊಂದೇ ಅಲ್ಲ, ನೆಲವೂ ಹೌದು. ಸವಳಿನ ಕಥೆಯನ್ನು ಇಲ್ಲಿಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1953ರಲ್ಲಿ ತುಂಗಭದ್ರಾ ನೀರು ಬಂದಾಗ ಬಹುಪಾಲು ನೆಲಕ್ಕೆ ಗೊತ್ತುಮಾಡಿದ್ದು ಅರೆನೀರಾವರಿ ಬೆಳೆ. ನಾವು ಬೆಳೆದದ್ದು ಭತ್ತದ ಮೇಲೆ ಭತ್ತ. ಮೊದಮೊದಲು ತಗ್ಗಿನ ಮಡಿಯ ಮೂಲೆಯಲ್ಲಿ ಉಪ್ಪಿನ ತೆಳು ಬಿಳುಪು ಕಂಡಿತು. ಮಳೆ ಬಂದರೆ ತೊಳೆದುಹೋಗುತ್ತದೆ ಎಂದುಕೊಂಡೆವು. ಮೂಲೆ ಮಡಿಯಾಯಿತು, ಮಡಿ ಹೊಲವಾಯಿತು. ಇತ್ತ ಕಾಲುವೆಯ ಕೊನೆಯ ರೈತ ನೀರಿಲ್ಲದೆ ಕುಳಿತ, ಅತ್ತ ಮೇಲಿನವನ ನೆಲ ನೀರು ಹೆಚ್ಚಾಗಿ ಕೆಟ್ಟಿತು.

ಅಣೆಕಟ್ಟೆಯ ವಿಚಾರದಲ್ಲೂ ಹೀಗೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಮರುದಿನ ಸರಪಳಿಗೆ ಎಷ್ಟು ವಯಸ್ಸಾಗಿತ್ತೆಂದು ಇಡೀ ನಾಡೇ ಲೆಕ್ಕ ಹಾಕಿತು. ಹಿಂದಿನ ದಿನ ಆ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ಸಕಾಲಕ್ಕೆ ಕಿವಿಗೊಟ್ಟ ನಿದರ್ಶನವೂ ಇದೇ ರಾಜ್ಯದಲ್ಲಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಅದರ ಜೊತೆಜೊತೆಗೇ ಮನುಷ್ಯರಿಗೂ ಜ್ವರ ಹತ್ತಿತು. ಅಂದಿನಿಂದ ಮಲೆನಾಡಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಬೇಕು. ಬಯಲುಸೀಮೆಯಲ್ಲಿ ಸತ್ತ ಕೊಕ್ಕರೆಗೆ ಆ ಮರ್ಯಾದೆ ಯಾಕಿಲ್ಲ?

ದೊಡ್ಡ ಕೊಕ್ಕರೆಗಳಿಗೆ ಕೂಗೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚೆಂದರೆ ಕೊಕ್ಕು ಕಟಕಟಿಸುತ್ತವೆ. ಹಾಗಾಗಿ ಕಣ್ಣಿಗೆ ಕೆಲಸ ಹೆಚ್ಚು. ನಾಲ್ಕು ಮಾರು ಹತ್ತಿರ ಹೋದರೂ ಹಾರದ ಹಕ್ಕಿಯನ್ನು ಪಳಗಿದೆ ಎನ್ನುತ್ತಾರೆ, ನಿತ್ರಾಣಗೊಂಡಿರಬಹುದು. ಒಂದೇ ರೆಕ್ಕೆ ಜೋತುಬಿದ್ದಿದೆಯೇ, ಕಾಲಿಗೆ ನೈಲಾನ್ ಬಲೆಯ ಎಳೆ ಸುತ್ತಿದೆಯೇ, ಬರುವವೆಲ್ಲ ಮಾಸಲು ಪುಕ್ಕದ ಎಳೆಯ ಹಕ್ಕಿಗಳೇ, ಬದುವಿನ ಮೇಲೆ ಚಿಪ್ಪಿನ ಗುಡ್ಡೆ ಈಗ ಕಾಣುತ್ತಿಲ್ಲವೇ, ರಾತ್ರಿ ಕೂರುತ್ತಿದ್ದ ಕಾಲುವೆಯ ಜಾಲಿಮರ ಯಾವಾಗ ಉರುಳಿತು? ಇವನ್ನು ಗುರುತಿಸಲು ಪದವಿ ಬೇಡ. ಹಿತ್ತಲಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳು ಅರಣ್ಯ ಇಲಾಖೆಗಿಂತ ಮೊದಲು ಇವನ್ನೆಲ್ಲ ಕಂಡಿರುತ್ತಾಳೆ, ಅವಳನ್ನು ಕೇಳಿದವರಿಲ್ಲ.

ಹಕ್ಕಿಯ ಚಿಂತೆ ಹಕ್ಕಿಯ ಜೊತೆಗೇ ಮುಗಿಯುತ್ತದೆ ಎಂದುಕೊಂಡವರು ಬಳ್ಳಾರಿ ನಗರದ ನಲ್ಲಿಯ ಜಾಡು ಹಿಡಿದು ಹೋಗಲಿ. ಅಲ್ಲೀಪುರದ ಕೆರೆಗೆ ತುಂಬುವುದು ಇದೇ ತುಂಗಭದ್ರೆಯ ಕಾಲುವೆ ನೀರು. ಕೊಕ್ಕರೆ ತಿಂದ ಮೀನು ಸಂತೆಗೂ ಬರುತ್ತದೆ.

ಕೋಳಿಗಳ ಮಾತೂ ಇದೆ. 2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಕಾಣಿಸಿತು. ಆ ರೋಗದ ವೈರಾಣುವನ್ನು ನೀರುಹಕ್ಕಿಗಳು ಹೊತ್ತು ತಿರುಗಬಲ್ಲವು. ಮೋರಿಯ ಬಳಿ ಕೊಕ್ಕರೆಯೂ ನಾಟಿಕೋಳಿಯೂ ಒಂದೇ ನೀರಿಗೆ ಕೊಕ್ಕಿಳಿಸುವುದು ಚಿತ್ರಕ್ಕೆ ಚೆಂದ. ಹಕ್ಕಿಗಳನ್ನು ಓಡಿಸಿ ಎಂದಲ್ಲ. ಓಡಿಸಿದರೆ ಇನ್ನೊಂದು ಹಿತ್ತಲಿಗೆ ಹೋಗುತ್ತವೆ, ಅಷ್ಟೇ. ಕೋಳಿಗೆ ನೀರು ಬೇರೆ ಇಡಿ, ಸತ್ತ ಹಕ್ಕಿಯನ್ನು ಬರಿಗೈಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ.

ಸರ್ಕಾರದಿಂದ ಆಗಬೇಕಾದದ್ದು ದುಬಾರಿಯದೇನಲ್ಲ. ಎಣ್ಣೆ ಹೊಡೆಯುವ ವಾರಗಳಲ್ಲಿ ಬಸಿಗಾಲುವೆಯ ನೀರು, ಮಣ್ಣು, ಸತ್ತ ಮೀನಿನ ಮಾದರಿ ತೆಗೆಯಬೇಕು. ಸಿರುಗುಪ್ಪದಲ್ಲೇ ಕೃಷಿ ಸಂಶೋಧನಾ ಕೇಂದ್ರವಿದೆ. ಮರಳು ತೆಗೆಯುವ ಕಡೆ ದಂಡೆಯ ಇಳಿಜಾರು ಉಳಿಸುವುದನ್ನು ಗುತ್ತಿಗೆಯ ಷರತ್ತಾಗಿ ಬರೆದು, ಬರೆದದ್ದನ್ನು ಹೋಗಿ ನೋಡಬೇಕು. ಹಕ್ಕಿ ಕೂರುವ ಮರಗಳ ಪಟ್ಟಿ ಕಾಲುವೆಯ ಎಂಜಿನಿಯರ ಕೈಯಲ್ಲಿರಬೇಕು.

ಸತ್ತ ಹಕ್ಕಿಯ ವಿಚಾರದಲ್ಲಿ ತಡ ಮಾಡುವಂತಿಲ್ಲ. ಅರಣ್ಯ, ಪಶುಸಂಗೋಪನೆ, ಕೃಷಿ, ಪಂಚಾಯಿತಿ ಎಂದು ಕಡತ ತಿರುಗುವಷ್ಟರಲ್ಲಿ ನಮ್ಮ ಬಿಸಿಲಿಗೆ ಹೆಣ ಕೊಳೆತು, ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಲು ಏನೂ ಉಳಿದಿರುವುದಿಲ್ಲ. ತಾಲ್ಲೂಕಿಗೆ ಒಬ್ಬ ಅಧಿಕಾರಿಯ ಹೆಸರು, ಒಂದು ಫೋನ್ ನಂಬರು. ಮುಂದಿನ ಮುಂಗಾರಿಗೆ ಕಾಲುವೆಗೆ ನೀರು ಬಿಡುವ ಮೊದಲು ಅವು ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಬೇಕು.